ಕಲ್ಲಿನ ಮುಖಗಳಿಗಿರುವ ಜಾಗ ನಮ್ಮ ಮುಖಗಳಿಗೇಕಿಲ್ಲ?

ವಿಶ್ವವಿದ್ಯಾಲಯದ ಆವರಣದಲ್ಲಿ ನಿಂತು ತನ್ನದೊಂದು ಭಾವಚಿತ್ರ ತೆಗೆಸಿಕೊಳ್ಳಬೇಕೆಂಬ ಆಸೆಯನ್ನು ನಮ್ಮ ಸಾಹಿತ್ಯವಲಯ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಹಳಿಯುತ್ತದೆ. ಕೆಲವರಿಗೆ ಅದು ಮೊಬೈಲು ಪೀಳಿಗೆಯ ಆತ್ಮರತಿ. ಇನ್ನು ಕೆಲವರಿಗೆ ವಿದ್ಯಾದೇಗುಲದ ಘನತೆಗೆ ತಗಲುವ ಕುಂದು. ಆಡಳಿತ ವರ್ಗಕ್ಕೆ ಮೂರನೆಯ ಆಕ್ಷೇಪವೊಂದಿದೆ: ಭದ್ರತೆ. ಈ ಮೂರೂ ನಿಲ್ಲುವ ವಾದಗಳಲ್ಲವೆಂದೂ, ಸಾರ್ವಜನಿಕ ಹಣದಿಂದ ನಡೆಯುವ ವಿದ್ಯಾಸಂಸ್ಥೆ ತನ್ನ ವಿದ್ಯಾರ್ಥಿಗೂ ಅವನ ಮನೆಯವರಿಗೂ ಈ ಒಂದು ಚಿತ್ರವನ್ನು ನಿರಾಕರಿಸುವುದು ಅನ್ಯಾಯವೆಂದೂ ಇಲ್ಲಿ ವಾದಿಸಬಯಸುತ್ತೇನೆ. ಯಾವುದೇ ಒಂದು ಸಂಸ್ಥೆಯನ್ನು ಹೆಸರಿಸಿ ದೂರುವುದು ನನ್ನ ಉದ್ದೇಶವಲ್ಲ. ಮಹಾನಗರಗಳ ಅನೇಕ ಆವರಣಗಳ ಬಾಗಿಲಲ್ಲಿ ‘ಛಾಯಾಗ್ರಹಣ ನಿಷೇಧಿಸಲಾಗಿದೆ’ ಎಂಬ ಫಲಕವನ್ನು ಓದುಗರೂ ಕಂಡೇ ಇರುತ್ತಾರೆ.

ಮೊದಲು ಆತ್ಮರತಿಯ ಆಪಾದನೆ. ನಮ್ಮ ಮನೆಗಳ ನಡುಮನೆಯ ಗೋಡೆಯನ್ನು ಒಮ್ಮೆ ನೆನೆಯೋಣ. ದೇವರ ಪಟದ ಪಕ್ಕದಲ್ಲಿ, ಕರಿಯ ಗೌನು ತೊಟ್ಟು, ಸುರುಳಿ ಸುತ್ತಿದ ಕಾಗದವೊಂದನ್ನು ಕೈಯಲ್ಲಿ ಹಿಡಿದು, ಬಿಗಿದ ಮುಖದಲ್ಲಿ ನಿಂತ ಅಜ್ಜನೋ ದೊಡ್ಡಪ್ಪನೋ ಎಷ್ಟು ಮನೆಗಳಲ್ಲಿಲ್ಲ? ಆ ಗೌನು ಬಹುಪಾಲು ಸ್ಟುಡಿಯೋದವರದ್ದು. ಹಿಂದಿನ ಕಂಬ, ಮೆಟ್ಟಿಲು, ಉದ್ಯಾನ ಎಲ್ಲವೂ ಪರದೆಯ ಮೇಲೆ ಬರೆದವು. ಆದರೂ ಆ ಚಿತ್ರವನ್ನು ನಾವು ಬೂಟಾಟಿಕೆ ಎನ್ನಲಿಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಒಬ್ಬ ಪದವೀಧರನಾದನೆಂಬುದಕ್ಕೆ ಅದು ಸಾಕ್ಷಿಯಾಗಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು ಪಡೆದದ್ದು ಮುಂಬಯಿ ವಿಶ್ವವಿದ್ಯಾಲಯದ ಪದವಿ. ಅಂದಿನವನಿಗೆ ವಿಶ್ವವಿದ್ಯಾಲಯ ದೂರದಲ್ಲಿತ್ತು. ಬಣ್ಣದ ಪರದೆಯೇ ಅವನ ಪಾಲಿನ ಆವರಣವಾಯಿತು. ಇಂದು ನಿಜವಾದ ಕಲ್ಲಿನ ಕಮಾನು ಕಣ್ಣೆದುರಿಗೇ ಇದೆ. ಅದರಡಿ ನಿಂತು ಅದೇ ಚಿತ್ರವನ್ನು ತೆಗೆಸಿಕೊಳ್ಳಹೊರಟವಳನ್ನು ಮಾತ್ರ ಗೇಲಿ ಮಾಡುವುದು ಯಾವ ನ್ಯಾಯ? ಗಲ್ಲಕ್ಕೆ ಕೈಯಾನಿಸಿ ಶೂನ್ಯವನ್ನು ದಿಟ್ಟಿಸುವ ಲೇಖಕರ ಭಾವಚಿತ್ರಗಳನ್ನು ಪುಸ್ತಕದ ಬೆನ್ನಿಗೆ ತಪ್ಪದೆ ಅಚ್ಚು ಹಾಕಿಸುವ ನಾವು ಈ ವಿಷಯದಲ್ಲಿ ತುಸು ನಯವಾಗಿ ಮಾತನಾಡುವುದು ಒಳಿತು.

ಎರಡನೆಯದು ಘನತೆಯ ಪ್ರಶ್ನೆ. ಇದಕ್ಕೆ ಮುಂಬಯಿಯ ಕೋಟೆ ಪ್ರದೇಶದ ವಿಶ್ವವಿದ್ಯಾಲಯದ ಕಟ್ಟಡಗಳೇ ಉತ್ತರ ಹೇಳುತ್ತವೆ. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ರೂಪಿಸಿದ ಗಡಿಯಾರದ ಗೋಪುರ ಮುಗಿದದ್ದು 1878ರಲ್ಲಿ. ಎತ್ತರ 280 ಅಡಿ. ಹಣ ಕೊಟ್ಟ ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್ ಅದಕ್ಕೆ ತನ್ನ ತಾಯಿ ರಾಜಾಬಾಯಿಯ ಹೆಸರಿಡಿಸಿದ. ಕಣ್ಣು ಕಾಣದ ಆ ಜೈನ ತಾಯಿಗೆ ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಹೊತ್ತು ಗಂಟೆಯ ದನಿಯಿಂದ ತಿಳಿಯಲೆಂಬುದು ಮಗನ ಆಸೆಯಾಗಿತ್ತೆಂದು ಜನ ಹೇಳುತ್ತಾರೆ. ಕಥೆ ಹೇಗೇ ಇರಲಿ, ವಿದ್ಯೆಯ ನಡುವೆ ತನ್ನ ತಾಯಿಯ ಗುರುತು ಉಳಿಯಲೆಂದು ಮಗನೊಬ್ಬ ಬಯಸಿದ್ದಂತೂ ನಿಜ. ಅದೇ ಗೋಪುರದ ಮೈಮೇಲೆ ಪಶ್ಚಿಮ ಭಾರತದ ಬೇರೆಬೇರೆ ಜಾತಿ ಸಮುದಾಯಗಳನ್ನು ಪ್ರತಿನಿಧಿಸುವ 24 ಕಲ್ಲಿನ ಪ್ರತಿಮೆಗಳಿವೆ. ಅಂದರೆ ಜನಸಾಮಾನ್ಯರ ಭಾವಚಿತ್ರಗಳನ್ನು ಈ ವಿಶ್ವವಿದ್ಯಾಲಯ ಒಂದೂವರೆ ಶತಮಾನದಿಂದ ಹೊತ್ತು ನಿಂತಿದೆ. ಮುಖಗಳಿಂದ ಘನತೆ ಕೆಡುವುದಾದರೆ ಅದು 1878ರಲ್ಲೇ ಕೆಟ್ಟಿರಬೇಕಾಗಿತ್ತು. ಸಿರಿವಂತ ಮಗನಿಗೆ ತಾಯಿಯ ಹೆಸರಿನಲ್ಲಿ ಗೋಪುರವನ್ನೇ ಎತ್ತಿಸುವ ಅವಕಾಶವಿತ್ತು. ಹಗಲು ಹೊಟೇಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿದವನ ಮಗಳು ಇಂದು ಎಂ.ಎ. ಮುಗಿಸಿ ತನ್ನ ತಾಯಿಯನ್ನು ಕಮಾನಿನಡಿ ನಿಲ್ಲಿಸಿಕೊಂಡು ಒಂದು ಚಿತ್ರ ಕೇಳಿದರೆ ಅದು ಹೆಚ್ಚಾಯಿತೇ?

ಮೂರನೆಯದು ಭದ್ರತೆ. ಒಳಗಿರುವ ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲೂ ಕ್ಯಾಮೆರಾ ಇರುವ ಕಾಲವಿದು. ಕೇಡು ಬಗೆಯುವವನು ಕೊರಳಿಗೆ ದೊಡ್ಡ ಕ್ಯಾಮೆರಾ ತೂಗುಹಾಕಿಕೊಂಡು ದ್ವಾರಪಾಲಕನ ಬಳಿ ಅನುಮತಿ ಕೇಳಲು ಬರುವುದಿಲ್ಲ. ಹೀಗಾಗಿ ನಿಷೇಧ ತಟ್ಟುವುದು ಅನುಮತಿ ಕೇಳುವ ಪ್ರಾಮಾಣಿಕನಿಗೆ ಮಾತ್ರ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 2018ರಲ್ಲಿ ಅಜಂತಾ ಗುಹೆ, ಲೇಹ್ ಅರಮನೆ ಮತ್ತು ತಾಜಮಹಲಿನ ಗೋರಿಯ ಒಳಭಾಗಗಳನ್ನು ಹೊರತುಪಡಿಸಿ ತನ್ನ ಸಂರಕ್ಷಿತ ಸ್ಮಾರಕಗಳಲ್ಲಿ ಛಾಯಾಗ್ರಹಣದ ಮೇಲಿದ್ದ ನಿಷೇಧವನ್ನು ತೆಗೆಯಿತು. ಸಾವಿರಾರು ವರ್ಷಗಳ ಶಿಲ್ಪಕ್ಕೆ ಒಗ್ಗಿದ ಉದಾರತೆ ಉಪನ್ಯಾಸ ಮಂದಿರದ ಮೆಟ್ಟಿಲಿಗೆ ಒಗ್ಗದೇ? ಕಟ್ಟಡದ ಚಿತ್ರ ತೆಗೆದರೆ ಹಕ್ಕುಸ್ವಾಮ್ಯದ ಉಲ್ಲಂಘನೆ ಎನ್ನುವವರೂ ಇದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ವಾಸ್ತುಕೃತಿಯ ಛಾಯಾಚಿತ್ರವನ್ನು ಸ್ಪಷ್ಟವಾಗಿಯೇ ಉಲ್ಲಂಘನೆಯ ಪಟ್ಟಿಯಿಂದ ಹೊರಗಿಟ್ಟಿದೆ. ಆವರಣದ ಪ್ರವೇಶಕ್ಕೆ ಷರತ್ತು ಹಾಕುವ ಅಧಿಕಾರ ಸಂಸ್ಥೆಗಿದೆ ಎಂಬುದನ್ನು ಒಪ್ಪೋಣ. ಆದರೆ ಷರತ್ತಿಗೆ ಕಾರಣವಿರಬೇಕು, ಕಾಗದವಿರಬೇಕು. ಕಡತಗಳ ನಡುವೆ ಬದುಕುವ ನನ್ನಂಥವರಿಗೆ ಗೊತ್ತಿರುವ ಸಂಗತಿಯೊಂದಿದೆ: ‘ಮೇಲಿನವರ ಆದೇಶದಂತೆ’ ಎಂದು ಬರೆದು, ಆದೇಶದ ಸಂಖ್ಯೆಯನ್ನೂ ದಿನಾಂಕವನ್ನೂ ಬರೆಯದ ಫಲಕದ ಹಿಂದೆ ಎಷ್ಟೋ ವೇಳೆ ಆದೇಶವೇ ಇರುವುದಿಲ್ಲ.

ಇನ್ನೊಂದು ವಿಪರ್ಯಾಸವನ್ನು ಗಮನಿಸಬೇಕು. ಪ್ರವೇಶದ ಅರ್ಜಿಗೆ ಒಂದು, ಗುರುತಿನ ಚೀಟಿಗೆ ಒಂದು, ಗ್ರಂಥಾಲಯದ ಕಾರ್ಡಿಗೆ ಒಂದು, ಪರೀಕ್ಷೆಯ ಪ್ರವೇಶಪತ್ರಕ್ಕೆ ಒಂದು — ಹೀಗೆ ವಿಶ್ವವಿದ್ಯಾಲಯ ವಿದ್ಯಾರ್ಥಿಯ ಮುಖವನ್ನು ಮತ್ತೆ ಮತ್ತೆ ಕೇಳಿ ಪಡೆಯುತ್ತದೆ. ಬಿಳಿಯ ಹಿನ್ನೆಲೆ ಇರಬೇಕು, ಕಿವಿ ಕಾಣಬೇಕು, ನಗು ಕೂಡದು. ಆ ಚಿತ್ರಗಳೆಲ್ಲ ಸಂಸ್ಥೆಯ ಉಪಯೋಗಕ್ಕೆ. ಅವುಗಳಲ್ಲಿ ಒಂದನ್ನೂ ಯಾರೂ ಗೋಡೆಗೆ ಹಾಕುವುದಿಲ್ಲ. ತಾನು ಇಲ್ಲಿ ಇದ್ದೆ, ಓದಿದೆ, ಬೆಳೆದೆ ಎಂದು ವಿದ್ಯಾರ್ಥಿ ತನಗಾಗಿ ಬಯಸುವ ಒಂದೇ ಒಂದು ಚಿತ್ರಕ್ಕೆ ಮಾತ್ರ ನಿಷೇಧ ಅಡ್ಡಬರುತ್ತದೆ.

ಇಷ್ಟು ಹೇಳಿದ ಮೇಲೆ ಕ್ಯಾಮೆರಾ ಹಿಡಿದವರಿಗೂ ನಾಲ್ಕು ಮಾತು ಹೇಳದಿದ್ದರೆ ವಾದ ಏಕಪಕ್ಷೀಯವಾದೀತು. ಘನತೆಯ ಕಾವಲುಗಾರರಿಗೆ ನೆಪ ಒದಗಿಸುವವರು ಅವರೇ. ಪರೀಕ್ಷೆ ನಡೆಯುವ ದಿನ ಮೆಟ್ಟಿಲು ತುಂಬ ದೀಪದ ಕಂಬ, ಪ್ರತಿಫಲಕ, ಬಟ್ಟೆಯ ಪೆಟ್ಟಿಗೆ ಹರಡಿ ಕೂರುವುದು. ಓದಲು ಬಂದವರನ್ನು ‘ಸ್ವಲ್ಪ ಸರಿಯಿರಿ’ ಎಂದು ಎಬ್ಬಿಸುವುದು. ಎಲ್ಲರೂ ಒಟ್ಟಿಗೆ ಗಾಳಿಗೆ ನೆಗೆಯುವ ಅದೇ ಭಂಗಿ, ಎಂದೂ ಓದದ ಪುಸ್ತಕವನ್ನು ತೆರೆದು ಹಿಡಿಯುವ ಅದೇ ನಟನೆ — ಇವು ಆವರಣವನ್ನು ಬಾಡಿಗೆಯ ಪರದೆಯನ್ನಾಗಿ ಮಾಡುತ್ತವೆ. ಮುಖ ಮಾತ್ರ ಉಳಿದು ಹಿನ್ನೆಲೆಯೆಲ್ಲ ಕರಗುವ ಮೊಬೈಲಿನ ಮಸುಕಂತೂ ಈ ಕೆಲಸಕ್ಕೆ ದ್ರೋಹವೇ ಸರಿ. ಕಟ್ಟಡವನ್ನು ಗುರುತು ಸಿಗದಂತೆ ಅಳಿಸುವುದಾದರೆ ಅಲ್ಲಿಗೆ ಹೋದದ್ದಾದರೂ ಏಕೆ?

ಒಳ್ಳೆಯ ಚಿತ್ರಕ್ಕೆ ಗದ್ದಲ ಬೇಕಿಲ್ಲ, ಯೋಜನೆ ಬೇಕು. ಕ್ಯಾಮೆರಾವಿಲ್ಲದೆ ಒಂದು ದಿನ ಮೊದಲೇ ಹೋಗಿ ಬೆಳಕು ಎಲ್ಲಿ ಯಾವಾಗ ಬೀಳುತ್ತದೆಂದು ನೋಡಿ ಬರುವುದು ಮೊದಲ ಕೆಲಸ. ರಾಜಾಬಾಯಿ ಗೋಪುರದ ಪಶ್ಚಿಮಕ್ಕೆ ಓವಲ್ ಮೈದಾನವಿದೆ. ಬೆಳಗ್ಗೆ ಮೈದಾನದಿಂದ ನೋಡಿದರೆ ಸೂರ್ಯ ಗೋಪುರದ ಬೆನ್ನಿಗಿರುತ್ತಾನೆ, ಇಳಿಹೊತ್ತಿನ ಬಿಸಿಲು ಅದರ ಮುಖಕ್ಕೇ ಬೀಳುತ್ತದೆ. 280 ಅಡಿಯ ಗೋಪುರವೂ ಮನುಷ್ಯನ ಮುಖವೂ ಒಂದೇ ಚೌಕಟ್ಟಿಗೆ ಬರಬೇಕಾದರೆ ಗೋಪುರದ ಬುಡಕ್ಕೆ ಹೋಗಿ ನಿಂತು ಫಲವಿಲ್ಲ. ಛಾಯಾಗ್ರಾಹಕ ಗೋಪುರದಿಂದ ದೂರ ಸರಿಯಬೇಕು. ನಿಲ್ಲುವವರು ಕ್ಯಾಮೆರಾಕ್ಕೆ ಹತ್ತಿರ ಬರಬೇಕು. ದ್ಯುತಿರಂಧ್ರವನ್ನು ಕಿರಿದಾಗಿಸಿದರೆ ಕಲ್ಲೂ ಮುಖವೂ ಎರಡೂ ಸ್ಪಷ್ಟವಾಗುತ್ತವೆ. ನಡುಹಗಲಿನ ಬಿಸಿಲು ಕಣ್ಣಿನ ಕೆಳಗೆ ಕರಿನೆರಳು ಕೆಡಹುತ್ತದೆ. ಆಗ ಕಮಾನಿನ ಅಂಚಿನಿಂದ ಒಂದೆರಡು ಹೆಜ್ಜೆ ಒಳಗೆ ನಿಂತರೆ, ಹೊರಗಿನ ನೆಲಕ್ಕೆ ಬಡಿದು ಚಿಮ್ಮುವ ಮೆದುಬೆಳಕೇ ಸಾಕು, ದೀಪ ಬೇಡ. ನಾಲ್ವತ್ತು ಭಂಗಿಗಿಂತ ಮೂರು ಜಾಗ ಲೇಸು: ದಿನವೂ ಹತ್ತಿದ ಮೆಟ್ಟಿಲು, ಕಾದು ಕುಳಿತ ಕಟ್ಟೆ, ಓದಿದ ವಿಭಾಗದ ನಾಮಫಲಕ. ಪರಿಚಯವಿಲ್ಲದವರ ಮುಖ ಚೌಕಟ್ಟಿನೊಳಗೆ ಬರುವುದಾದರೆ ಅವರನ್ನು ಕೇಳಿಯೇ ತೆಗೆಯುವುದು ಸೌಜನ್ಯ. ಒಂದು ಕ್ಯಾಮೆರಾ, ಒಂದು ಮಸೂರ, ಒಂದು ಗಂಟೆ. ಇಷ್ಟರಲ್ಲಿ ಆಗದ ಚಿತ್ರ ಇಡೀ ದಿನ ಕೊಟ್ಟರೂ ಆಗುವುದಿಲ್ಲ.

ಹಾಗಾದರೆ ಸಂಸ್ಥೆಗಳು ಮಾಡಬೇಕಾದದ್ದೇನು? ತನ್ನ ಮುಖಕ್ಕಾಗಿ ಬರುವವನನ್ನೂ ವ್ಯಾಪಾರಕ್ಕಾಗಿ ಬರುವವನನ್ನೂ ಬೇರೆಬೇರೆಯಾಗಿ ಕಾಣಬೇಕು. ಚಲನಚಿತ್ರ, ಜಾಹೀರಾತು, ಮದುವೆಗೆ ಮುನ್ನಿನ ವೈಭವದ ಚಿತ್ರೀಕರಣ ಇವುಗಳಿಗೆ ಶುಲ್ಕ ವಿಧಿಸಲಿ, ಲಿಖಿತ ಅನುಮತಿ ಬೇಡಲಿ, ಬೇಡವೆನಿಸಿದರೆ ನಿರಾಕರಿಸಲಿ. ಆದರೆ ಹಾಲಿ ವಿದ್ಯಾರ್ಥಿಗೆ ಗುರುತಿನ ಚೀಟಿಯ ಮೇಲೆ, ಹಳೆಯ ವಿದ್ಯಾರ್ಥಿಗೆ ಪದವಿಪತ್ರದ ನಕಲಿನ ಮೇಲೆ, ಮನೆಯವರೊಂದಿಗೆ ಹೊರಾಂಗಣದಲ್ಲಿ ಚಿತ್ರ ತೆಗೆಸಿಕೊಳ್ಳಲು ವಾರಕ್ಕೆರಡು ನಿಗದಿತ ಅವಧಿಗಳನ್ನು ಶುಲ್ಕವಿಲ್ಲದೆ ತೆರೆದಿಡಬೇಕು. ವಾಚನಾಲಯ, ತರಗತಿ, ವಸತಿನಿಲಯ ಇವು ಹೊರತಾಗಿರಲಿ. ಪರೀಕ್ಷೆಯ ದಿನಗಳಲ್ಲಿ ಅವಕಾಶ ಬೇಡ. ಈ ನಿಯಮವನ್ನು ಸಂಖ್ಯೆ ದಿನಾಂಕ ಸಹಿತ ದ್ವಾರದಲ್ಲಿ ಬರೆದು ಹಾಕಿದರೆ, ಕಾವಲಿಗೆ ನಿಂತ ಬಡಪಾಯಿ ದಿನವೂ ಜಗಳವಾಡುವ ಗೋಳೂ ತಪ್ಪುತ್ತದೆ. ಬರೆದು ಹಾಕದ ಕಡೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿಯ ಅರ್ಜಿ ಹಾಕಿ, ನಿಷೇಧದ ಆದೇಶದ ಪ್ರತಿಯನ್ನು ಕೇಳುವುದು ನಾಗರಿಕರಾದ ನಮ್ಮ ಕೆಲಸ.

ಹೊರನಾಡಿನ ಕನ್ನಡಿಗರಾದ ನಮಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಊರಿನಲ್ಲಿ ನಮ್ಮ ಗುರುತಿಗೆ ಮನೆಯಿದೆ, ಹೊಲವಿದೆ, ಗುಡಿಯಿದೆ. ಈ ಮಹಾನಗರದಲ್ಲಿ ಬಾಡಿಗೆಯ ಮನೆ ಬದಲಾಗುತ್ತದೆ, ಹೊಟೇಲು ಕೈಬದಲಾಗುತ್ತದೆ, ಹಳೆಯ ಚಾಳು ನೆಲಸಮವಾಗಿ ಗೋಪುರ ಏಳುತ್ತದೆ. ಎರಡು ತಲೆಮಾರು ಕಳೆದ ಮೇಲೂ ಅಲ್ಲೇ ಇರುವ ಕಟ್ಟಡಗಳು ಬೆರಳೆಣಿಕೆಯಷ್ಟು; ಅವುಗಳಲ್ಲಿ ವಿಶ್ವವಿದ್ಯಾಲಯವೂ ಒಂದು. ಅದರ ಮೆಟ್ಟಿಲಿನ ಮೇಲೆ ತೆಗೆದ ಚಿತ್ರವನ್ನು ಮೊಮ್ಮಗಳು ನೋಡಿ, ಅದೇ ಮೆಟ್ಟಿಲಿಗೆ ಹೋಗಿ ಅದೇ ಕಲ್ಲನ್ನು ಮುಟ್ಟಬಹುದು. ಈ ನಗರವನ್ನು ದುಡಿದು ಕಟ್ಟಿದವರ ಮಕ್ಕಳಿಗೆ ಅಷ್ಟು ಹಕ್ಕಾದರೂ ಇರಬೇಕು. ಅದನ್ನು ಆತ್ಮರತಿಯೆಂದು ಹಳಿಯುವವರು ಮೊದಲು ತಮ್ಮ ನಡುಮನೆಯ ಗೋಡೆಯಿಂದ ಗೌನು ತೊಟ್ಟ ಅಜ್ಜನನ್ನು ಇಳಿಸಲಿ.