ಕಬ್ಬಿನ ಸೀಮೆಯ ಟರ್ಬೊ ಕಾರಿಗೆ ಓಪನ್ ಫಿಲ್ಟರ್ ಬೇಡ

ನಿಪ್ಪಾಣಿಯಿಂದ ಕಾಗವಾಡದವರೆಗಿನ ನಮ್ಮ ಸೀಮೆಯಲ್ಲಿ ಟರ್ಬೊ ಎಂಜಿನ್ ಈಗ ಅಪರೂಪದ ವಸ್ತುವಲ್ಲ. 2007ರಲ್ಲಿ ಮಾರುತಿ ಸ್ವಿಫ್ಟ್ ಕಾರಿಗೆ ಫಿಯಟ್ ವಿನ್ಯಾಸದ 1.3 ಲೀಟರ್ ಡೀಸೆಲ್ ಎಂಜಿನ್ ಬಂದ ಮೇಲೆ ಟರ್ಬೊ ಹಳ್ಳಿಹಳ್ಳಿಗೂ ತಲುಪಿತು. 2017ರ ಟಾಟಾ ನೆಕ್ಸಾನ್, 2019ರ ಹುಂಡೈ ವೆನ್ಯೂ ಮುಂತಾದವು ಸಾಮಾನ್ಯ ಕುಟುಂಬದ ಪೆಟ್ರೋಲ್ ಕಾರಿನಲ್ಲೂ ಅದನ್ನು ರೂಢಿಗೆ ತಂದವು. ಅದರ ಬೆನ್ನಿಗೇ ಹುಡುಗರಲ್ಲಿ ಒಂದು ಹೊಸ ಆಸೆಯೂ ಬೆಳೆದಿದೆ. ಕಂಪನಿ ಕೊಟ್ಟ ಏರ್ ಫಿಲ್ಟರ್ ಡಬ್ಬಿಯನ್ನು ಬಿಚ್ಚಿ, ಆ ಜಾಗದಲ್ಲಿ ಹೊಳೆಯುವ ಕೊಳವೆ ಹಾಗೂ ಶಂಕುವಿನಾಕಾರದ ಓಪನ್ ಫಿಲ್ಟರ್ ಕೂರಿಸಿದರೆ ಪಿಕಪ್ ಹೆಚ್ಚುತ್ತದೆ ಎಂದು ಅವರು ನಂಬಿದ್ದಾರೆ. ಆ ನಂಬಿಕೆ ತಪ್ಪು. ಬೇರೆಲ್ಲೋ ಈ ಬದಲಾವಣೆಯಿಂದ ತುಸು ಲಾಭ ಸಿಗಬಹುದು. ಧೂಳು ಮತ್ತು ಕಬ್ಬಿನ ಬೂದಿ ಹಾರಾಡುವ ಈ ನೆಲದಲ್ಲಿ ಮಾತ್ರ ಅದು ಹಣ ಕೊಟ್ಟು ಎಂಜಿನ್ನಿನ ಆಯುಷ್ಯ ಕಳೆದುಕೊಳ್ಳುವ ವ್ಯವಹಾರ.

ಮೊದಲು ಶಕ್ತಿಯ ಮಾತು. ಟರ್ಬೊ ಇಲ್ಲದ ಎಂಜಿನ್ ಗಾಳಿಯನ್ನು ತಾನೇ ಎಳೆದುಕೊಳ್ಳಬೇಕು. ಹಾಗಾಗಿ ದಾರಿಯಲ್ಲಿನ ತಡೆ ಕಡಿಮೆಯಾದಷ್ಟೂ ಅದಕ್ಕೆ ಅನುಕೂಲ. ಟರ್ಬೊ ಎಂಜಿನ್ನಿನ ಲೆಕ್ಕ ಬೇರೆ. ಹೊರಹೋಗುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ; ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಕಲ್ಪನೆ ಇದೇ. ಇಂದಿನ ಕಾರಿನಲ್ಲಿ ಎಷ್ಟು ಒತ್ತಡ ತುಂಬಬೇಕೆಂದು ನಿರ್ಧರಿಸುವುದು ಇಸಿಯು ಎಂಬ ಕಂಪ್ಯೂಟರ್. ಸೆನ್ಸರ್ ಒತ್ತಡವನ್ನು ಅಳೆದು ಹೇಳುತ್ತಿರುತ್ತದೆ. ಗುರಿ ಮುಟ್ಟಿದ ಕೂಡಲೇ ಇಸಿಯು ಹೊಗೆಯನ್ನು ಪಕ್ಕದ ದಾರಿಗೆ ಬಿಡುತ್ತದೆ ಅಥವಾ ಟರ್ಬೊದ ಒಳರೆಕ್ಕೆಗಳನ್ನು ತಿರುಗಿಸುತ್ತದೆ. ಇಂಥ ಎಂಜಿನ್ನಿಗೆ ಫಿಲ್ಟರಿನ ತಡೆಯನ್ನು ತುಸು ಇಳಿಸಿ ಕೊಟ್ಟರೂ ಆ ಗುರಿ ಏರುವುದಿಲ್ಲ. ಅದೇ ಒತ್ತಡಕ್ಕೆ ಟರ್ಬೊ ಸ್ವಲ್ಪ ಕಡಿಮೆ ದುಡಿಯುತ್ತದೆ, ಅಷ್ಟೆ. ಅಷ್ಟಕ್ಕೂ ಹೊಸ ಕಾಗದದ ಫಿಲ್ಟರ್ ಒಡ್ಡುವ ತಡೆ ವಾತಾವರಣದ ಒತ್ತಡದಲ್ಲಿ ಕೆಲವೇ ಶೇಕಡಾ. ಓಪನ್ ಫಿಲ್ಟರ್ ಹಾಕಿದವರಿಗೆ ಗಾಡಿ ಚುರುಕಾಗಿದೆ ಅನ್ನಿಸುವುದು ಸುಳ್ಳಲ್ಲ, ಆದರೆ ಆ ಅನುಭವ ಹುಟ್ಟುವುದು ಸದ್ದಿನಿಂದ. ಕಂಪನಿಯ ಡಬ್ಬಿ ಟರ್ಬೊದ ಸುಯ್ಲನ್ನು ಅಡಗಿಸುತ್ತಿತ್ತು. ಡಬ್ಬಿ ಹೋದ ಮೇಲೆ ಅದು ನೇರ ಕಿವಿಗೆ ಬೀಳುತ್ತದೆ.

ಶಾಖದ ಲೆಕ್ಕ ಇನ್ನೂ ಪ್ರತಿಕೂಲ. ಕಂಪನಿಯ ಡಬ್ಬಿಗೆ ಗಾಳಿ ಬರುವುದು ಸಾಮಾನ್ಯವಾಗಿ ಮುಂಭಾಗದ ಜಾಲರಿಯ ಬಳಿಯಿಂದ, ಅಂದರೆ ಹೊರಗಿನ ತಂಪು ಗಾಳಿ. ಬಾನೆಟ್ಟಿನೊಳಗೆ ತೆರೆದು ಕುಳಿತ ಫಿಲ್ಟರ್ ಎಂಜಿನ್ನಿನ ಬಿಸಿಯನ್ನೇ ಉಸಿರಾಡುತ್ತದೆ. 30 ಡಿಗ್ರಿಯ ಗಾಳಿ 60 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಸುಮಾರು ಶೇ 9ರಷ್ಟು ಇಳಿಯುತ್ತದೆ. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಒಂದಷ್ಟು ಸರಿಪಡಿಸುತ್ತದೆ ನಿಜ, ಆದರೆ ಅಥಣಿಯ ಏಪ್ರಿಲ್ ಬಿಸಿಲಿನಲ್ಲಿ ಅದಕ್ಕೆ ಆಗಲೇ ಕೈತುಂಬ ಕೆಲಸವಿದೆ.

ಈಗ ಧೂಳು. ನನ್ನ ವಾದದ ತೂಕವೆಲ್ಲ ಇಲ್ಲಿದೆ. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9 ಸಾವಿರ ಲೀಟರ್ ಗಾಳಿ ಬೇಕು. ಡೀಸೆಲ್ಲಿಗೆ ಇನ್ನೂ ಹೆಚ್ಚು. ಅಷ್ಟು ಗಾಳಿಯನ್ನು ನಮ್ಮ ಕಾರುಗಳು ಎಲ್ಲಿಂದ ಎಳೆದುಕೊಳ್ಳುತ್ತವೆ ನೋಡಿ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಉಗಾರ ಖುರ್ದ, ಚಿಕ್ಕೋಡಿ, ನಿಪ್ಪಾಣಿಯ ಕಾರ್ಖಾನೆಗಳತ್ತ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು ಮುಗಿಯುವುದಿಲ್ಲ. ಹೊಲದ ದಾರಿಯ ಎರಿ ಮಣ್ಣು ಅವುಗಳ ಗಾಲಿಗೆ ಅಂಟಿ ಡಾಂಬರಿಗೆ ಬಂದು, ಒಣಗಿ, ಹಿಟ್ಟಾಗಿ ಏಳುತ್ತದೆ. ಕಟಾವು ಮುಗಿದ ಗದ್ದೆಯಲ್ಲಿ ರವದಿಗೆ ಬೆಂಕಿ ಬೀಳುತ್ತದೆ. ಕಬ್ಬು ನುರಿಸಿ ಉಳಿದ ಸಿಪ್ಪೆ, ಅಂದರೆ ಬಗ್ಯಾಸ್ ಉರಿಸಿ ಹಬೆ, ವಿದ್ಯುತ್ ತೆಗೆಯುವುದು ಸಕ್ಕರೆ ಉದ್ಯಮದ ಪದ್ಧತಿ. ಕಬ್ಬು ನೆಲದಿಂದ ಸಿಲಿಕಾ ಹೀರುವ ಬೆಳೆಯಾದ್ದರಿಂದ ಈ ಎರಡು ಬೆಂಕಿಯ ಬೂದಿಯಲ್ಲೂ ಸಿಲಿಕಾದ ಪಾಲೇ ದೊಡ್ಡದು. ರಸ್ತೆ ಧೂಳಿನಲ್ಲಿರುವ ಬೆಣಚುಕಲ್ಲಿನ ಪುಡಿಯೂ ಸಿಲಿಕಾವೇ, ಅದರ ಗಡಸುತನ ಅಲ್ಯೂಮಿನಿಯಮ್ಮಿಗಿಂತ ಬಹಳ ಹೆಚ್ಚು. ಟರ್ಬೊದ ಗಾಳಿ ಚಕ್ರ ಅಲ್ಯೂಮಿನಿಯಮ್ ಮಿಶ್ರಲೋಹದ್ದು, ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ಮೀರಿ ತಿರುಗಬಲ್ಲದು. ಆ ವೇಗದಲ್ಲಿ ತಾಗುವ ಕಣ ರೆಕ್ಕೆಯ ಅಂಚನ್ನು ಸವೆಸುತ್ತದೆ. ಒಳಗೆ ನುಗ್ಗಿದ್ದು ಸಿಲಿಂಡರಿನ ಎಣ್ಣೆಯೊಂದಿಗೆ ಬೆರೆತು, ವಾಲ್ವ್ ಕೂರಿಸಲು ಮಿಸ್ತ್ರಿ ಬಳಸುವ ಗ್ರೈಂಡಿಂಗ್ ಪೇಸ್ಟಿನ ಹಾಗೆ ರಿಂಗು, ಬೋರ್ ಎರಡನ್ನೂ ತಿನ್ನುತ್ತದೆ. ಫಿಲ್ಟರುಗಳನ್ನು ಐಎಸ್ಒ 5011 ಎಂಬ ಮಾನದಂಡದಂತೆ ಪರೀಕ್ಷಿಸುತ್ತಾರೆ; ಒಳ್ಳೆಯ ಕಾಗದದ ಫಿಲ್ಟರ್ ಅದರಲ್ಲಿ ಶೇ 99ಕ್ಕೂ ಹೆಚ್ಚು ಧೂಳನ್ನು ತಡೆಯುತ್ತದೆ. ಗಾಳಿಗೆ ದಾರಿ ಸಡಿಲಿಸಿದ ಫಿಲ್ಟರಿನಲ್ಲಿ ಈ ಪ್ರಮಾಣ ಇಳಿಯುತ್ತದೆ. ಶೇ 99.5 ಮತ್ತು ಶೇ 97ರ ನಡುವಿನ ಅಂತರ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. ಒಳಹೋಗುವ ಧೂಳಿನ ಕಡೆಯಿಂದ ಲೆಕ್ಕ ಹಾಕಿ: ಅರ್ಧ ಪಾಲಿನ ಜಾಗದಲ್ಲಿ ಮೂರು ಪಾಲು, ಅಂದರೆ ಆರು ಪಟ್ಟು. ಫಿಲ್ಟರ್ ವಿಷಯದಲ್ಲಿ ಎಂಜಿನ್ನಿಗೆ ಗೊತ್ತಾಗುವುದು ಈ ಎರಡನೆಯ ಅಂಕಿ ಮಾತ್ರ.

ಟ್ರ್ಯಾಕ್ಟರ್ ಮಟ್ಟಿಗೆ ನಮ್ಮ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆಯಿಲ್ ಬಾತ್ ಏರ್ ಕ್ಲೀನರಿನ ತಳದಲ್ಲಿ ಕೂತ ಕೆಸರನ್ನು ತೆಗೆದು ಹೊಸ ಎಣ್ಣೆ ತುಂಬುವುದು ಅವರ ನಿತ್ಯದ ಆರೈಕೆಗೆ ಸೇರಿದ್ದು. ಜಾನ್ ಡಿಯರ್ 5310ರಂಥ ಟರ್ಬೊ ಟ್ರ್ಯಾಕ್ಟರಿಗೆ ಕಂಪನಿಯೇ ಒಂದರೊಳಗೊಂದು ಎರಡು ಒಣ ಫಿಲ್ಟರ್ ಕೊಡುತ್ತದೆ. ಅಪ್ಪ ಟ್ರ್ಯಾಕ್ಟರಿಗೆ ಎರಡು ಪದರದ ಕಾವಲು ಇಟ್ಟುಕೊಂಡಿರುವಾಗ, ಅದೇ ಧೂಳಿನಲ್ಲಿ ಓಡುವ ಮಗನ ಕಾರಿಗೆ ಇರುವ ಒಂದು ಕಾವಲನ್ನೂ ಸಡಿಲಿಸುವುದು ಯಾವ ನ್ಯಾಯ?

ಆಕ್ಷೇಪಗಳಿವೆ, ಕೆಲವು ಗಟ್ಟಿಯಾದವೇ. ರೇಸ್ ಕಾರುಗಳು ಇದನ್ನೇ ಬಳಸುವುದಿಲ್ಲವೇ ಎನ್ನುತ್ತಾರೆ. ಬಳಸುತ್ತವೆ, ಆದರೆ ಆ ಎಂಜಿನ್ನುಗಳನ್ನು ಕೆಲವೇ ಪಂದ್ಯಗಳಿಗೊಮ್ಮೆ ಬಿಚ್ಚಿ ಜೋಡಿಸುತ್ತಾರೆ; ನಾವು ಸಾಲ ಮಾಡಿ ಕೊಂಡ ಗಾಡಿ ಎರಡು ಲಕ್ಷ ಕಿಲೋಮೀಟರ್ ಬಾಳಬೇಕು. ಇಸಿಯು ರಿಮ್ಯಾಪ್ ಮಾಡಿಸಿ ಒತ್ತಡದ ಗುರಿಯನ್ನೇ ಏರಿಸಿ, ದೊಡ್ಡ ಟರ್ಬೊ ಹಾಕಿಸಿದವನಿಗೆ ಕಂಪನಿಯ ಗಾಳಿ ದಾರಿ ಸಾಲದೆ ಹೋಗಬಹುದು, ಒಪ್ಪುತ್ತೇನೆ. ಆದರೆ ಅಂಥವರು ನೂರರಲ್ಲಿ ಒಬ್ಬರೂ ಇರಲಾರರು. ತೊಳೆದು ಮತ್ತೆ ಬಳಸುವ ಹತ್ತಿಯ ಫಿಲ್ಟರಿನಿಂದ ಖರ್ಚು ಉಳಿಯುತ್ತದೆ ಎಂಬ ಮಾತೂ ಇದೆ. ಕಂಪನಿಯ ಡಬ್ಬಿಯೊಳಗೇ ಕೂರುವ ಅಂಥ ಫಿಲ್ಟರ್ ಓಪನ್ ಫಿಲ್ಟರಿನಷ್ಟು ಕೆಟ್ಟದ್ದಲ್ಲ, ನಿಜ. ಆದರೆ ಅದಕ್ಕೆ ಸವರುವ ಎಣ್ಣೆ ಕಡಿಮೆಯಾದರೆ ಧೂಳು ಒಳಗೆ ಹೋಗುತ್ತದೆ, ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿನ ಬಿಸಿ ತಂತಿಗೆ ಅಂಟಿ ಲೆಕ್ಕ ತಪ್ಪಿಸುತ್ತದೆ. ಕೊಳವೆಯ ವ್ಯಾಸ ಬದಲಾದರೂ ಆ ಸೆನ್ಸರ್ ತಪ್ಪು ಓದುತ್ತದೆ. ಆಮೇಲೆ ಹೊಗೆ, ಮಿನುಗುವ ಎಚ್ಚರಿಕೆ ದೀಪ, ಇಳಿದ ಎವರೇಜ್. ಕೆಲವು ನೂರು ರೂಪಾಯಿಯ ಕಾಗದದ ಫಿಲ್ಟರ್ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಸೆನ್ಸರ್ ಬದಲಿಸುವುದು ಉಳಿತಾಯವಲ್ಲ.

ಬಿಸಿ ಗಾಳಿಯ ದೋಷ ತಪ್ಪಿಸಲು ಕೊಳವೆಯನ್ನು ಬಂಪರಿನ ಕೆಳಗೆ ಇಳಿಸುವ ಕಿಟ್‌ಗಳೂ ಸಿಗುತ್ತವೆ. ಆದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿದಾಗ ಕಲ್ಲೋಳ–ಯಡೂರ, ಕಾರದಗಾ–ಭೋಜ, ಜತ್ರಾಟ–ಭಿವಶಿ ಸೇತುವೆಗಳು ಮುಳುಗುವ ನಾಡಿದು. 2019ರ ಆಗಸ್ಟ್ ತಿಂಗಳ ನೆರೆಯನ್ನು ಯಾರೂ ಮರೆತಿಲ್ಲ. ನೀರನ್ನು ಒತ್ತಿ ಕುಗ್ಗಿಸಲಾಗದು. ಗಾಳಿ ದಾರಿಯಲ್ಲಿ ಒಂದು ಗುಟುಕು ನೀರು ಸಿಲಿಂಡರಿಗೆ ಹೋದರೂ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಅಲ್ಲಿಗೆ ಮುಗಿದಂತೆ.

ಕಾನೂನಿನ ಮೊರೆ ಹೋಗಿ ಈ ವಾದ ಗೆಲ್ಲುವ ಆಸೆ ನನಗಿಲ್ಲ. ಕಾರಿನ ಆರ್‌ಸಿಯಲ್ಲಿ ಏರ್ ಫಿಲ್ಟರಿನ ವಿವರ ಇರುವುದಿಲ್ಲ. ಆದರೂ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆ ನಿಯಮ ಮೀರಿದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ವಿಧಿಸುತ್ತದೆ, ಜೈಲಿಗೂ ಅವಕಾಶವಿದೆ ಎಂಬುದನ್ನು ತಿಳಿದಿರುವುದು ಒಳಿತು.

ಪಿಕಪ್ ಕುಂದಿದೆ ಅನ್ನಿಸಿದವರು ಮೊದಲು ಕಂಪನಿಯ ಡಬ್ಬಿಯನ್ನೇ ತೆರೆದು ನೋಡಲಿ. ಕ್ಲಿಪ್ ಮುರಿದಿದೆಯೇ, ರಬ್ಬರ್ ಅಂಚು ಸರಿಯಾಗಿ ಕೂತಿದೆಯೇ, ಟರ್ಬೊ ಪೈಪಿನಲ್ಲಿ ಬಿರುಕಿದೆಯೇ ಎಂದು ಮಿಸ್ತ್ರಿಯಿಂದ ನೋಡಿಸಲಿ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಫಿಲ್ಟರಿಗೆ ಜೋರಾಗಿ ಗಾಳಿ ಹೊಡೆಸುವ ರೂಢಿ ಬಿಡಬೇಕು, ಅದರಿಂದ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಧೂಳಿನ ಪ್ರದೇಶದಲ್ಲಿ ಫಿಲ್ಟರನ್ನು ಬೇಗ ಬದಲಿಸಿ ಎಂದು ಕಾರಿನ ಕೈಪಿಡಿಯೇ ಹೇಳುತ್ತದೆ. ನಮ್ಮ ಇಡೀ ಸೀಮೆ ಆ ಮಾತಿನ ವ್ಯಾಪ್ತಿಗೆ ಬರುತ್ತದೆ. ಓಪನ್ ಫಿಲ್ಟರಿಗೆ ಎತ್ತಿಟ್ಟ ಹಣದಲ್ಲಿ ಕಂಪನಿಯ ಫಿಲ್ಟರನ್ನು ಪ್ರತಿ ಹಂಗಾಮು ಮುಗಿದ ಮೇಲೊಮ್ಮೆ ಹೊಸದಾಗಿ ಹಾಕಿಸಿ.