ಮನೆಗೆಲಸಕ್ಕೆ ಚೌಕಟ್ಟು ಹಾಕಿದರೆ

ಹೆಂಗಸರ ಮನೆಗೆಲಸ ಗ್ಯಾಲರಿಯ ಗೋಡೆ ಏರಿದಾಗ ಮರ್ಯಾದೆ ಸಿಗುವುದು ಕೆಲಸಕ್ಕೋ, ಕಲಾವಿದೆಗೋ? ಐವತ್ತು ವರ್ಷಗಳಿಂದ ಸೂಜಿದಾರ, ಏಪ್ರನ್, ಹಳೆಬಟ್ಟೆ, ಸಗಣಿ ಎಲ್ಲವೂ ಕಲಾಕೃತಿಗಳ ಒಳಹೊಕ್ಕಿವೆ. ನೋಡಿದವರು ಮೆಚ್ಚಿದ್ದಾರೆ, ಮ್ಯೂಸಿಯಂಗಳು ಕೊಂಡಿವೆ. ಆದರೆ ಮನೆಯಲ್ಲಿ ಪಾತ್ರೆ ಯಾರು ತೊಳೆಯಬೇಕೆಂಬ ವಿಚಾರ ಬಹುಮಟ್ಟಿಗೆ ಇದ್ದಲ್ಲೇ ಇದೆ. ಹಾಗಾದರೆ ಇಂಥ ಕಲೆಯಿಂದ ಆದದ್ದೇನು?

1972ರಲ್ಲಿ ಹಾಲಿವುಡ್‌ನ ಪಾಳುಮನೆಯೊಂದನ್ನು ಕಲಾವಿದೆಯರಾದ ಜೂಡಿ ಚಿಕಾಗೊ ಮತ್ತು ಮಿರಿಯಂ ಶಪಿರೊ ತಮ್ಮ ವಿದ್ಯಾರ್ಥಿನಿಯರ ಜೊತೆ ಸೇರಿ ರಿಪೇರಿ ಮಾಡಿ, ‘ವುಮನ್‌ಹೌಸ್’ ಎಂಬ ಪ್ರದರ್ಶನ ನಡೆಸಿದರು. ಅಲ್ಲಿನ ಒಂದು ಬೀರುವಿನಲ್ಲಿ, ಮಡಿಚಿಟ್ಟ ಬಟ್ಟೆಗಳ ನಡುವೆ ಹೆಣ್ಣುಗೊಂಬೆಯೊಂದು ನಿಂತಿತ್ತು. ಬೀರುವಿನ ಹಲಗೆಗಳು ಅದರ ಮೈಯನ್ನೇ ಸೀಳಿಕೊಂಡು ಹೋಗಿದ್ದವು. ಒಂದು ಕಾಲು ಮಾತ್ರ ಹೊರಗೆ ಬಂದಿತ್ತು. ಮುಂದೆ ಶಪಿರೊ ಕರವಸ್ತ್ರ, ಏಪ್ರನ್, ಬಟ್ಟೆಯ ತುಂಡುಗಳನ್ನು ಕ್ಯಾನ್ವಾಸಿಗೆ ಅಂಟಿಸಿ, ಬಣ್ಣ ಬಳಿದು, ಆ ಬಗೆಯ ಕೃತಿಗಳನ್ನು ‘ಫೆಮ್ಮಾಜ್’ ಎಂದು ಕರೆದರು. ಹೆಸರು ಉಳಿಯದ ಹೆಂಗಸರ ಕೈಕೆಲಸಕ್ಕೂ ಕಲೆಯ ಚರಿತ್ರೆಯಲ್ಲಿ ಜಾಗವಿದೆ ಎಂಬುದು ಅವರ ವಾದ. ವಾದವೇನೋ ಸರಿ, ಆದರೆ ಅದರಲ್ಲೊಂದು ಅಪಾಯವೂ ಇದೆ. ಕಸೂತಿ ಚೆಂದ ಕಂಡಷ್ಟೂ ಅದನ್ನು ಹಾಕಿದವಳ ಕಣ್ಣುರಿ ಮರೆಯಾಗುತ್ತದೆ. ಮನೆಗೆಲಸವನ್ನು ಹೊಗಳುವುದು ನಮಗೇನು ಹೊಸದೇ? ‘ಅನ್ನಪೂರ್ಣೆ’ ಎಂದು ಬಾಯ್ತುಂಬ ಕರೆದು, ಕೊನೆಯ ಪಂಕ್ತಿಗೆ ಕೂರಿಸುವುದು ನಮ್ಮ ಮನೆಗಳಿಗೆ ಚೆನ್ನಾಗಿ ಗೊತ್ತು.

ಹೊಗಳಿಕೆಯ ಗೊಡವೆಗೆ ಹೋಗದೆ ಪ್ರಶ್ನೆಯನ್ನು ಮೂಲದಲ್ಲೇ ಹಿಡಿದವರು ಕಲಾವಿದೆ ಮಿಯರ್ಲೆ ಲೇಡರ್‌ಮನ್ ಯೂಕಲೀಸ್. ಹೆತ್ತ ಮೇಲೆ ದಿನವೆಲ್ಲ ಒರೆಸುವುದು, ತೊಳೆಯುವುದೇ ಆದಾಗ, ಇದನ್ನೇ ಕಲೆ ಎನ್ನುತ್ತೇನೆಂದು 1969ರಲ್ಲಿ ಅವರೊಂದು ಪ್ರಣಾಳಿಕೆ ಬರೆದರು. 1973ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನ ಮ್ಯೂಸಿಯಂನಲ್ಲಿ ಮಮ್ಮಿಯ ಗಾಜಿನ ಪೆಟ್ಟಿಗೆಯನ್ನು ಒರೆಸಿದರು. ಅದು ಜಾಡಮಾಲಿ ಮಾಡುತ್ತಿದ್ದ ಕೆಲಸ. ಒರೆಸಿದ ಮೇಲೆ, ಇದೀಗ ಕಲಾಕೃತಿ ಎಂದು ಮುದ್ರೆ ಒತ್ತಿದರು. ಕಲಾಕೃತಿಯನ್ನು ಜಾಡಮಾಲಿ ಮುಟ್ಟುವಂತಿಲ್ಲವಲ್ಲ! ಮುಂದೆ ಅದನ್ನು ಒರೆಸಲು ಸಂರಕ್ಷಣಾ ತಜ್ಞರೇ ಬರಬೇಕಾಯಿತು. ಅದೇ ಗಾಜು, ಅದೇ ದೂಳು, ಒರೆಸುವ ರೀತಿಯೂ ಅದೇ. ಕೈ ಯಾರದ್ದೆಂಬುದರ ಮೇಲೆ ಬೆಲೆ ಬದಲಾಯಿತು. ಮನೆಗೆಲಸ ಕೀಳಾದದ್ದು ಅದು ಸುಲಭವೆಂದಲ್ಲ, ಅದನ್ನು ಮಾಡುವವರನ್ನು ನಾವು ಮೊದಲೇ ಕೀಳಾಗಿ ಕಂಡಿರುವುದರಿಂದ.

ಭದ್ರಾವತಿಯಲ್ಲಿ ಹುಟ್ಟಿದ, ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಇದೇ ನೆಲೆಗೆ ಇನ್ನೊಂದು ದಾರಿಯಿಂದ ಬರುತ್ತಾರೆ. ಚಿತ್ರಕಲೆ ಕಲಿತಿದ್ದ ಅವರು 1990ರ ದಶಕದ ಆರಂಭದಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ಅಂಗಳ ಸಾರಿಸಲು, ಬೆರಣಿ ತಟ್ಟಲು ಹಳ್ಳಿಯ ಹೆಂಗಸರು ನಿತ್ಯ ಕಲಸುವ ಸಗಣಿ ಅದು. 1998ರ ಹೊತ್ತಿಗೆ ಅವರು ಮಾಡಿದ, ‘ನನ್ನ ನೋವನ್ನು ಅವನಿಗೆ ಹೇಳು’ ಎಂಬರ್ಥದ ಹೆಸರಿನ ಕೃತಿಯಲ್ಲಿ ಇರುವುದು ದಾರ, ಸೂಜಿ, ಅಂಟು ಮತ್ತು ಕುಂಕುಮ, ಅಷ್ಟೇ. ಉದ್ದುದ್ದ ದಾರವನ್ನು ಒಂದೊಂದೇ ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಎಳೆಗಳನ್ನೆಲ್ಲ ಒಟ್ಟುಮಾಡಿ, ಕುಂಕುಮ ಬೆರೆಸಿದ ಅಂಟಿನಿಂದ ಹಗ್ಗವಾಗಿಸಿದ್ದಾರೆ. ಕೆಂಪು ಹಗ್ಗ ಗೋಡೆ ಹತ್ತಿ ನೆಲಕ್ಕಿಳಿದು ಸುತ್ತಿಕೊಳ್ಳುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ಮುತ್ತೈದೆತನದ ಕೆಂಪು ಇಲ್ಲಿ ಕರುಳಿನಂತೆಯೂ ಕಾಣುತ್ತದೆ. ಹೂವಿಲ್ಲ, ಬಳ್ಳಿಯಿಲ್ಲ, ಕಸೂತಿಯೆಂದು ಮೆಚ್ಚಲು ಏನೂ ಇಲ್ಲ. ಕಾಣುವುದು ಪೋಣಿಸಿದ ಹೊತ್ತು ಮಾತ್ರ.

ನನ್ನ ಮಟ್ಟಿಗೆ ಇಂಥ ಕಲೆಯನ್ನು ಅಳೆಯುವ ಕೋಲು ಇದೇ: ಅದು ಮನೆವಾರ್ತೆಯನ್ನು ಸಿಂಗರಿಸುತ್ತದೆಯೋ, ಅದಕ್ಕೆ ಹಿಡಿದ ಹೊತ್ತನ್ನು ಲೆಕ್ಕಕ್ಕೆ ತರುತ್ತದೆಯೋ? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮಾಡುವ ಗಂಡಸರು 97 ನಿಮಿಷ. ಅದರಲ್ಲೂ ಮಾಡುವ ಗಂಡಸರು ನಾಲ್ವರಲ್ಲಿ ಸುಮಾರು ಒಬ್ಬರು. ಹೆಂಗಸರಲ್ಲಿ ಐವರಿಗೆ ನಾಲ್ವರು.

ಕಲಾಕೃತಿ ನೋಡಿ ಯಾರೂ ಪೊರಕೆ ಹಿಡಿಯುವುದಿಲ್ಲ ಎನ್ನಬಹುದು. ನಿಜ. ಗ್ಯಾಲರಿಗೆ ಹೋಗುವವರೇ ಕಡಿಮೆ, ಹೋದವರಲ್ಲೂ ಅನೇಕರ ಮನೆಯ ನೆಲ ಒರೆಸುವವಳು ಕೂಲಿಯ ಇನ್ನೊಬ್ಬ ಹೆಂಗಸು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹಳೆಸೀರೆಗಳಿಂದ ಹೊಲಿಯುವ ಕೌದಿ ಪ್ರದರ್ಶನಕ್ಕೆ ಬಂದಾಗಲೂ, ಹೊಲಿದವಳ ಹೆಸರಿನ ಜಾಗದಲ್ಲಿ ಸಮುದಾಯದ ಹೆಸರಷ್ಟೇ ಇರುವುದುಂಟು. ಮರ್ಯಾದೆ ತಾನಾಗಿ ಕೆಳಗಿಳಿಯುವುದಿಲ್ಲ. ಆದರೆ ಕಾನೂನಾಗಲಿ ಕೂಲಿಯಾಗಲಿ ತಲುಪದ ಒಂದು ನೆಪವನ್ನು ಕಲೆ ಕಿತ್ತುಕೊಳ್ಳಬಲ್ಲದು: ‘ಅದೇನು ಮಹಾ ಕೆಲಸ’ ಎಂಬ ನೆಪ. ಗಾಜು ಒರೆಸಲು ತಜ್ಞರು ಬೇಕೆಂದು ಮ್ಯೂಸಿಯಂ ಒಪ್ಪುವುದಾದರೆ, ಮನೆಯಲ್ಲಿ ಅದೇ ಕೆಲಸವನ್ನು ಕೆಲಸವೇ ಅಲ್ಲ ಎನ್ನಲು ಬರುವುದಿಲ್ಲ. ಕೆಲಸವೆಂದು ಒಪ್ಪಿದ ಮೇಲೆ, ಹಂಚಿಕೊಳ್ಳುವ ಮಾತು ಮನೆಯೊಳಗೇ ಆಗಬೇಕು.