24 ಗಂಟೆಯ ಭರವಸೆ

ಪಕ್ಕದ ಮನೆಯ ಅಕ್ಕ ಉಕ್ರೇನ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಳು. ಯುದ್ಧ ಶುರುವಾದಾಗ, 2022ರ ಮಾರ್ಚ್‌ನಲ್ಲಿ, ‘ಆಪರೇಷನ್ ಗಂಗಾ’ ವಿಮಾನದಲ್ಲಿ ಊರಿಗೆ ಮರಳಿದಳು. ಅಧ್ಯಕ್ಷನಾದರೆ 24 ಗಂಟೆಯಲ್ಲಿ ಈ ಯುದ್ಧ ನಿಲ್ಲಿಸುವೆ ಎಂದು ಅಮೆರಿಕದ ಅಭ್ಯರ್ಥಿ ಟ್ರಂಪ್ 2023ರಲ್ಲಿ ಹೇಳಿದಾಗ ಅವಳು ನಂಬಿದಳು, ನಾನೂ ನಂಬಿದೆ. ಹೇಗೆ ಎಂದು ಇಬ್ಬರೂ ಯೋಚಿಸಲಿಲ್ಲ. 2025ರ ಜನವರಿ 20ರಂದು ಅವರು ಅಧಿಕಾರ ವಹಿಸಿಕೊಂಡರು. ಯುದ್ಧ ನಿಲ್ಲಲಿಲ್ಲ. ಮಾರ್ಚ್‌ನಲ್ಲಿ, ಆ ಮಾತನ್ನು ತುಸು ವ್ಯಂಗ್ಯವಾಗಿ ಆಡಿದ್ದೆ ಎಂದುಬಿಟ್ಟರು!

ಭದ್ರತೆಯ ವಿಷಯದಲ್ಲಿ ಅಭ್ಯರ್ಥಿ ಗಡುವು ಹೇಳಿದರೆ ಸಾಲದು. ಯಾವ ನೆಲ ಯಾರ ವಶದಲ್ಲಿ ಉಳಿಯುತ್ತದೆ, ಮತ್ತೆ ದಾಳಿಯಾದರೆ ಯಾರು ಹೊಣೆ ಎಂಬುದನ್ನೂ ಮತ ಕೇಳುವಾಗಲೇ ಹೇಳಬೇಕು. ಮತ ಹಾಕಿದವರು ಅಮೆರಿಕನ್ನರೇ ಇರಬಹುದು. ಆದರೆ ಆ ಮಾತು ನಂಬಿ, ಪುಸ್ತಕ ಜೋಡಿಸಿಟ್ಟುಕೊಂಡು ಕಾದವಳು ನಮ್ಮ ಬೀದಿಯವಳು.